ದವಾಖಾನೆಯಲ್ಲೇ ಹೆರಿಗೆ ಆಗುತ್ತಿದ್ದರೂ ಬಾಣಂತಿಯರು ಯಾಕೆ ಸಾಯುತ್ತಿದ್ದಾರೆ? ಗ್ರಾಮಸಭೆಯಲ್ಲಿ ಏನು ಕೇಳೋಣ?

ಮಲಪ್ರಭೆ ದಂಡೆ (ರಾಮದುರ್ಗ)
ನಮ್ಮೂರಿನ ಸ್ತ್ರೀಶಕ್ತಿ ಸಂಘದವರು ಮುಂದಿನ ಗ್ರಾಮಸಭೆಯಲ್ಲಿ ಬಸುರಿ-ಬಾಣಂತಿಯರ ವಿಷಯ ಎತ್ತುತ್ತಿದ್ದೇವೆ. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯಲು ಕೂತ ದಿನವೇ ಜಗಳ. ಅರ್ಧ ಜನ 'ಜಾಗೃತಿ ಶಿಬಿರ ಮಾಡಿ ಅಂತ ಕೇಳಿದರೆ ಸಾಕು' ಅಂತಾರೆ. ಉಳಿದವರು 'ಬೇಡಿಕೊಳ್ಳೋದು ಯಾಕೆ, ಇದು ನಮ್ಮ ಹಕ್ಕು, ಹಾಗಂತಲೇ ಬರಿ' ಅಂತಾರೆ.

ನನಗೆ ಗೊತ್ತಿರುವ ಲೆಕ್ಕ ಇಷ್ಟು. 2019ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೂ 2018-20ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಹೆರಿಗೆಗೆ 69 ತಾಯಂದಿರು ಸತ್ತಿದ್ದಾರೆ. ಕೇರಳದಲ್ಲಿ 19. ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ರಾಜ್ಯಗಳಲ್ಲಿ ನಾವೇ ಕೊನೆ. ಮುಂದಿನ ವರ್ಷದ ಲೆಕ್ಕದಲ್ಲಿ 63ಕ್ಕೆ ಇಳಿಯಿತು, ಆದರೂ ಅದೇ ಸಾಲು.

ಅಂದಮೇಲೆ 'ಮನೆಯಲ್ಲಿ ಹೆತ್ತು ಸಾಯ್ತಾರೆ' ಅನ್ನುವ ಹಳೇ ಮಾತು ಈಗ ನಡೆಯಲ್ಲ ಅಲ್ವಾ? ಹಾಗಾದರೆ ಏನು ಕೇಳಬೇಕು? ಗೊತ್ತಿದ್ದವರು ಹೇಳಿ.

ಗುಮ್ಮಟದ ನೆರಳು (ವಿಜಯಪುರ)
ಅಕ್ಕಾರೆ, ಬೇಜಾರಾಗಬೇಡಿ. ಹಕ್ಕು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. 108 ಇದೆ. ತಾಯಿ ಕಾರ್ಡ್ ಇದೆ. ಆಶಾ ಮನೆ ಬಾಗಿಲಿಗೆ ಬರುತ್ತಾರೆ. ತಿಂಗಳ 9ನೇ ತಾರೀಖು ಡಾಕ್ಟರ್ ತಪಾಸಣೆ ಇದೆ. 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆ. ಇನ್ನೇನು ಬೇಕು? ಕಬ್ಬಿಣದ ಗುಳಿಗೆ ಕೊಟ್ಟರೆ 'ಕೂಸು ಕಪ್ಪಾಗ್ತದ' ಅಂತ ತಿಪ್ಪೆಗೆ ಎಸೀತಾರೆ. ಇದು ನಾನು ಕಣ್ಣಾರೆ ಕಂಡಿದ್ದು. ತೊಗೊಳ್ಳೋರು ತೊಗೊಳ್ಳದಿದ್ದರೆ ಕೊಡೋರು ಏನು ಮಾಡಬೇಕು? ನನ್ನ ಓಟು ಜಾಗೃತಿಗೆ.

ಬಿಳಿ ಕೋಟು ಇಲ್ಲದವಳು (ಬಾಗಲಕೋಟೆ ಜಿಲ್ಲೆ)
ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್. ಊರು ಹೇಳಲ್ಲ.

ಗುಳಿಗೆ ಎಸೆಯುವುದು ನಿಜ. ಯಾಕೆ ಅಂತ ಯಾರಾದರೂ ಕೇಳಿದ್ದೀರಾ? ಖಾಲಿ ಹೊಟ್ಟೆಯಲ್ಲಿ ತೊಗೊಂಡರೆ ಹೊಟ್ಟೆ ತೊಳಸುತ್ತದೆ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಇದನ್ನು ಒಬ್ಬೊಬ್ಬರಿಗೂ ಕೂತು ಹೇಳಬೇಕು. ಶಿಬಿರದ ಮೈಕಿನಲ್ಲಿ ಹೇಳಿದರೆ ಆಗಲ್ಲ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ಶೇ. 45.7 ಜನಕ್ಕೆ ರಕ್ತಹೀನತೆ ಇತ್ತು. ಗುಳಿಗೆ ಒಗ್ಗದಿದ್ದರೆ ಐರನ್ ಸುಕ್ರೋಸ್ ಇಂಜೆಕ್ಷನ್ ಇದೆ. ಬಂದು ಹಾಕಿಸಿಕೊಳ್ಳಲು ಆಕೆಗೆ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೆ ಜಾಗೃತಿ ಏನು ಮಾಡುತ್ತದೆ ಹೇಳಿ.

ಇನ್ನು ಅಕ್ಕಾರು ಕೇಳಿದ ಪ್ರಶ್ನೆ. ಹೆಚ್ಚಾಗಿ ಸಾಯುವುದು ಹೆರಿಗೆ ನಂತರದ ರಕ್ತಸ್ರಾವದಿಂದ, ಬಿಪಿ ಏರಿ ಫಿಟ್ಸ್ ಬಂದು, ನಂಜಾಗಿ. ಮೂರಕ್ಕೂ ಔಷಧಿ ಇದೆ, ಎಲ್ಲವೂ ಹಳೇ ಔಷಧಿ. ಫಿಟ್ಸ್‌ಗೆ ಮ್ಯಾಗ್ನೀಸಿಯಂ ಸಲ್ಫೇಟ್. ರಕ್ತಸ್ರಾವಕ್ಕೆ ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್. ಎರಡನೆಯದನ್ನು ಮೂರು ತಾಸಿನ ಒಳಗೆ ಕೊಡಬೇಕು, ತಡವಾದಷ್ಟು ಉಪಯೋಗ ಕಡಿಮೆ. ರಕ್ತ ಹೋಗುವುದು ನಿಲ್ಲದಿದ್ದರೆ ಗಟ್ಟಿಮುಟ್ಟಾದ ಹೆಣ್ಣುಮಗಳೂ ಎರಡು ತಾಸಿನಲ್ಲಿ ಹೋಗಬಹುದು. ಹಿಮೋಗ್ಲೋಬಿನ್ ಏಳಕ್ಕೆ ಇಳಿದು ರಕ್ತ ತೀರಾ ಕಡಿಮೆ ಇದ್ದಾಕೆಗೆ ಅಷ್ಟು ಹೊತ್ತೂ ಸಿಗುವುದಿಲ್ಲ.

ಈಗ ಲೆಕ್ಕ ಹಾಕಿ. ನಮ್ಮಲ್ಲಿ ಹೆರಿಗೆ ಆಯಿತು. ರಕ್ತ ನಿಲ್ಲಲಿಲ್ಲ. ತಾಲೂಕಿಗೆ ರೆಫರ್. ಅಲ್ಲಿ ಹೆರಿಗೆ ಡಾಕ್ಟರ್ ಇದ್ದಾರೆ, ಅರಿವಳಿಕೆ ಡಾಕ್ಟರ್ ರಜೆ. ಇಬ್ಬರೂ ಇದ್ದ ದಿನ ಆಕೆಯ ಗುಂಪಿನ ರಕ್ತ ಇಲ್ಲ. ಜಿಲ್ಲೆಗೆ ರೆಫರ್. ಆಕೆ ದವಾಖಾನೆಯಲ್ಲೇ ಹೆತ್ತಳು, ಶೇ. 97ರ ಲೆಕ್ಕದಲ್ಲಿ ಸೇರಿದಳು. ಸತ್ತಿದ್ದು ಮಾತ್ರ ರಸ್ತೆಯಲ್ಲಿ.

ಕಾಡಂಚು (ಖಾನಾಪುರ)
ನಿಮಗೆ ರಸ್ತೆಯಾದರೂ ಇದೆ ಸಿಸ್ಟರ್. ಭೀಮಗಡ ಅಭಯಾರಣ್ಯದ ಒಳಗಿನ ನಮ್ಮ ಹಳ್ಳಿಗಳಿಗೆ ಮಳೆಗಾಲದಲ್ಲಿ ಗಾಡಿ ಬರಲ್ಲ. ಹಳ್ಳ ತುಂಬಿದರೆ ಬಸುರಿಯನ್ನು ಕಟ್ಟಿಗೆಗೆ ಕಂಬಳಿ ಕಟ್ಟಿ ಹೊತ್ತುಕೊಂಡು ಬರಬೇಕು. 108ಗೆ ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕು. 'ಜನ ಬದಲಾಗಬೇಕು' ಅನ್ನೋರು ಜುಲೈ ತಿಂಗಳಲ್ಲಿ ಒಮ್ಮೆ ಬನ್ನಿ.

ಅರ್ಜಿಗೆ ನನ್ನದೊಂದು ಸಲಹೆ. ಇಥಿಯೋಪಿಯಾ, ಜಿಂಬಾಬ್ವೆಯಲ್ಲಿ ದವಾಖಾನೆ ಪಕ್ಕದಲ್ಲೇ ಬಸುರಿಯರು ಉಳಿಯುವ ಮನೆಗಳಿವೆ. ದಿನ ತುಂಬುವ ಮುಂಚೆ ಬಂದು ಅಲ್ಲೇ ಇರುತ್ತಾರೆ, ಜೊತೆಗೆ ಮನೆಯವರೊಬ್ಬರು. ದೂರದ ಊರಿನವರಿಗೆ ಇಂಥದ್ದು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಮಳೆಗಾಲದ ನಾಲ್ಕು ತಿಂಗಳು ತಾಲೂಕು ಊರಲ್ಲಿ ಎರಡು ಕೋಣೆ ಕೊಟ್ಟರೂ ನಮಗೆ ಸಾಕು. ರಸ್ತೆಗೆ ಅರಣ್ಯ ಇಲಾಖೆ ಒಪ್ಪಬೇಕು, ಅದು ಯಾವ ಕಾಲಕ್ಕೋ. ಕೋಣೆಗೆ ಯಾರ ಒಪ್ಪಿಗೆ ಬೇಕು?

ಗುಮ್ಮಟದ ನೆರಳು
ಇದು ಒಳ್ಳೇ ಸಲಹೆ. ಇಂಥದ್ದು ಕೇಳಿ, ನಾನೂ ಸಹಿ ಹಾಕುತ್ತೇನೆ. ಆದರೆ ಇದು ಸೌಲಭ್ಯ. ಹಕ್ಕು ಅಂತ ಕೂಗಿದರೆ ಏನಾಗುತ್ತದೆ ಗೊತ್ತಾ? ಡಾಕ್ಟರ್ ಹೆದರುತ್ತಾರೆ. ಸ್ವಲ್ಪ ರಿಸ್ಕ್ ಕಂಡರೂ 'ಮುಂದೆ ಒಯ್ಯಿರಿ' ಅಂತಾರೆ. ಸಿಸ್ಟರ್ ಹೇಳಿದ ರೆಫರ್ ಆಟ ಹುಟ್ಟಿದ್ದೇ ಹಾಗೆ. ಸಾವಾದರೆ ಬಂಧುಗಳು ಗಾಜು ಒಡೀತಾರೆ, ವಿಡಿಯೋ ಮಾಡ್ತಾರೆ.

ಕರಿಕೋಟು (ಇಂಡಿ)
ವಕೀಲ ಮಾತಾಡಬೇಕಾದ ಜಾಗ ಬಂತು.

ಗಾಜು ಒಡೆಯುವುದು ಹಕ್ಕಲ್ಲ ಸರ್. ಕೇಳೋಕೆ ಬೇರೆ ದಾರಿ ಇಲ್ಲ ಅಂದುಕೊಂಡವರು ಮಾಡುವ ಕೆಲಸ ಅದು. ದಾರಿ ಇದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಜೇರಿಯನ್‌ಗೆ ಏಳು ದಿನ ಊಟ. ಮನೆಯಿಂದ ಕರೆತರುವುದು, ಮೇಲಿನ ಆಸ್ಪತ್ರೆಗೆ ಒಯ್ಯುವುದು, ವಾಪಸ್ ಮನೆಗೆ ಬಿಡುವುದು ಕೂಡ. ಯಾರೂ ದಯೆಯಿಂದ ಕೊಡುತ್ತಿಲ್ಲ.

2010ರಲ್ಲಿ ದೆಹಲಿ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಶಾಂತಿ ದೇವಿ ಅಂತ ಬಡ ಹೆಣ್ಣುಮಗಳು, ಬಿಹಾರದಿಂದ ದುಡಿಯಲು ಬಂದ ಕುಟುಂಬ. ಬಿಪಿಎಲ್ ಕಾರ್ಡು ಬೇರೆ ರಾಜ್ಯದ್ದು, ದೆಹಲಿಯಲ್ಲಿ ನಡೆಯಲ್ಲ ಅಂದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ಮುಂದಿನ ಬಸುರಲ್ಲಿ ಮನೆಯಲ್ಲೇ ಹೆತ್ತು ಸತ್ತಳು. ಬದುಕಿ ಉಳಿಯುವ ಹೆರಿಗೆ, ಅಂದರೆ ತಾಯಿಯ ಆರೋಗ್ಯ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಕೋರ್ಟ್ ಹೇಳಿತು. ಊರು ಬಿಟ್ಟು ಊರಿಗೆ ಹೋದವರಿಗೆ ಕಾರ್ಡಿನ ನೆಪ ಹೇಳಬಾರದು ಅಂತಲೂ ಹೇಳಿತು.

ಹೊರದೇಶದ್ದೂ ಒಂದು ಹೇಳುತ್ತೇನೆ. ಬ್ರೆಜಿಲ್‌ನ ಅಲೀನ್ ಎಂಬ ಕಪ್ಪು ಹೆಣ್ಣುಮಗಳು, 28 ವರ್ಷ, ಆರು ತಿಂಗಳ ಬಸುರಿ. 2002ರಲ್ಲಿ ಹೊಟ್ಟೆನೋವು ಅಂತ ಖಾಸಗಿ ಆರೋಗ್ಯ ಕೇಂದ್ರಕ್ಕೆ ಹೋದಳು. ಔಷಧಿ ಕೊಟ್ಟು ಮನೆಗೆ ಕಳಿಸಿದರು. ಹೊಟ್ಟೆಯಲ್ಲೇ ಕೂಸು ಸತ್ತಿತ್ತು. ಮುಂದಿನ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್‌ಗಾಗಿ ತಾಸುಗಟ್ಟಲೆ ಕಾದಳು. ಅಲ್ಲಿ ಕಾಗದಪತ್ರವೂ ಜೊತೆಗೆ ಹೋಗಲಿಲ್ಲ. ಸತ್ತಳು. ಅವಳ ತಾಯಿ ವಿಶ್ವಸಂಸ್ಥೆಯ ಮಹಿಳಾ ಹಕ್ಕುಗಳ ಸಮಿತಿಯವರೆಗೆ ಹೋದರು. 2011ರಲ್ಲಿ ಸಮಿತಿ ಬ್ರೆಜಿಲ್ ಸರ್ಕಾರವೇ ಹೊಣೆ ಅಂದಿತು. ಕೇಂದ್ರ ಖಾಸಗಿಯದು ಅನ್ನುವ ನೆಪವನ್ನೂ ಒಪ್ಪಲಿಲ್ಲ. ತಾಯಿಯ ಸಾವಿಗೆ ಒಂದು ದೇಶವನ್ನು ಹೊಣೆ ಮಾಡಿದ ಮೊದಲ ಅಂತಾರಾಷ್ಟ್ರೀಯ ತೀರ್ಮಾನ ಅದು.

ಓದಿದರೆ ಸಿಸ್ಟರ್ ಹೇಳಿದ ರಸ್ತೆಯೇ ನೆನಪಾಗುತ್ತದೆ.

ಗುಮ್ಮಟದ ನೆರಳು
ಬ್ರೆಜಿಲ್ ಇಂಡಿಯಿಂದ ಬಲು ದೂರ ಸರ್. ಪ್ರಪಂಚದ ಮಟ್ಟದಲ್ಲಿ ನೋಡಿದರೆ ನಾವು ವಾಸಿನೇ.

ಇಳಕಲ್ ಸೆರಗು
ಯಾರಿಗಿಂತ ವಾಸಿ? 2023ರಲ್ಲಿ ಪ್ರಪಂಚದಲ್ಲಿ ಸುಮಾರು 2 ಲಕ್ಷ 60 ಸಾವಿರ ತಾಯಂದಿರು ಸತ್ತರು, ಹತ್ತರಲ್ಲಿ ಏಳು ಸಾವು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ. ಯುದ್ಧ, ಬರ ಇರುವ ದೇಶಗಳ ಜೊತೆ ಹೋಲಿಸಿ ಸಮಾಧಾನ ಮಾಡಿಕೊಳ್ಳಬೇಕಾ? ಶ್ರೀಲಂಕಾ ನೋಡಿ. ಶ್ರೀಮಂತ ದೇಶವೇನಲ್ಲ. ಅಲ್ಲಿ ಊರೂರಿಗೆ ತರಬೇತಿ ಪಡೆದ ಸೂಲಗಿತ್ತಿ ಸರ್ಕಾರಿ ಸಂಬಳದ ಮೇಲೆ ಇದ್ದಾರೆ, ತುಂಬಾ ಹಿಂದಿನಿಂದ. ನಮ್ಮ ಆಶಾಗೆ ಸಂಬಳವೇ ಇಲ್ಲ, ಗೌರವಧನ.

ಕಬ್ಬಿನ ರವದಿ (ಮುಧೋಳ)
ಎಲ್ಲರೂ ಊರಲ್ಲಿರುವ ಬಸುರಿಯ ಮಾತಾಡುತ್ತಿದ್ದೀರಿ. ಊರಲ್ಲಿ ಇಲ್ಲದವರ ಕಥೆ ಯಾರು ಹೇಳಬೇಕು?

ನಾನು ಕಬ್ಬು ಬೆಳೆಯುವವನು. ಕಾರ್ಖಾನೆ ಶುರುವಾಗುತ್ತಿದ್ದಂತೆ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್ ನಮ್ಮ ಹೊಲಕ್ಕೆ ಬರುತ್ತದೆ. ವಿಜಯಪುರದ ತಾಂಡಾಗಳಿಂದಲೂ ಗ್ಯಾಂಗ್ ಹೊರಡುತ್ತದೆ, ಕೆಲವರು ಇಲ್ಲಿಗೆ, ಕೆಲವರು ಮಹಾರಾಷ್ಟ್ರಕ್ಕೆ. ಗಂಡ-ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಗ್ಯಾಂಗ್ ಕರೆತರುವ ಮುಕಾದಮ ಇಬ್ಬರ ಲೆಕ್ಕಕ್ಕೆ ಮುಂಗಡ ಕೊಟ್ಟಿರುತ್ತಾನೆ. ಒಂದು ದಿನ ತಪ್ಪಿದರೆ 'ಖಾಡಾ' ಅಂತ ದಂಡ ಮುರೀತಾನೆ. ಏಳು ತಿಂಗಳ ಬಸುರಿ ಬೆಳಗಿನ ಜಾವ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರ್ ಏರುತ್ತಾಳೆ. ಅವಳಿಗೆ 9ನೇ ತಾರೀಖಿನ ತಪಾಸಣೆ ಎಲ್ಲಿಂದ ಬರಬೇಕು? ತಾಯಿ ಕಾರ್ಡು ಊರಲ್ಲೇ ಉಳಿದಿದೆ. ನಮ್ಮೂರಿನ ಆಶಾ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯಲ್ಲಿ ಸುಮಾರು 82 ಸಾವಿರ ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ಕೇಳಿತು. 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿದ್ದರು. ಮುಟ್ಟು, ಬಸುರು ಅಂತ ದಿನ ತಪ್ಪಿದರೆ ಖಾಡಾ, ಅದಕ್ಕೆ. ಇದರಲ್ಲಿ ಬೆಳೆಗಾರರಾದ ನಮ್ಮದೂ ಪಾಲಿದೆ. ಕಬ್ಬು ಬೇಗ ಕಡಿದು ಹೋದರೆ ಸಾಕು ಅಂತ ನಾವೂ ಸುಮ್ನೆ ಇರುತ್ತೇವೆ.

ಕರಿಕೋಟು
ನೀವು ಹೇಳಿದ್ದು ಶಾಂತಿ ದೇವಿ ಪ್ರಕರಣವೇ, ಊರು ಬೇರೆ ಅಷ್ಟೇ. ಹೆರಿಗೆ ರಜೆ ಕಾನೂನು 1961ರಲ್ಲಿ ಬಂತು, 2017ರಲ್ಲಿ 12 ವಾರದ ರಜೆ 26 ವಾರ ಆಯಿತು. ಪೇಪರ್‌ನಲ್ಲಿ ದೊಡ್ಡ ಸುದ್ದಿ. ಆದರೆ ಕಬ್ಬು ಕಡಿಯುವಾಕೆಗೆ ಮಾಲೀಕ ಯಾರು? ಕಾರ್ಖಾನೆ 'ನಮ್ಮ ಕೆಲಸಗಾರಳಲ್ಲ' ಅನ್ನುತ್ತದೆ. ಮುಕಾದಮ 'ನಾನು ಬರೀ ಮಧ್ಯವರ್ತಿ' ಅಂತಾನೆ. ರೈತ ಅಂತೂ ಅಲ್ಲ. ಇಲ್ಲಿಗೆ ಬಂದು ಕಾನೂನು ನಿಂತುಬಿಡುತ್ತದೆ.

ಮಲಪ್ರಭೆ ದಂಡೆ
ಕಬ್ಬಿನ ಅಣ್ಣಾರೆ, ಇದು ನಮ್ಮ ತಲೆಗೇ ಬಂದಿರಲಿಲ್ಲ. ನಮ್ಮೂರ ಹೊಲದಲ್ಲೂ ಗುಡಿಸಲು ಹಾಕಿರುತ್ತಾರೆ. ಅರ್ಜಿಯಲ್ಲಿ 'ಊರಿಗೆ ದುಡಿಯಲು ಬಂದ ಬಸುರಿಯರ ಹೆಸರನ್ನೂ ಆಶಾ ಪಟ್ಟಿಗೆ ಸೇರಿಸಬೇಕು' ಅಂತ ಹಾಕುತ್ತೇನೆ.

ಇಳಕಲ್ ಸೆರಗು
ಗ್ಯಾಂಗ್‌ನವರು ಮಾತ್ರ ಅಲ್ಲ, ನಮ್ಮಂಥವರ ಹೆಸರೂ ಪಟ್ಟಿಯಿಂದ ಬಿದ್ದು ಹೋಗುತ್ತದೆ. ನಾನು ಹೇಳುತ್ತೇನೆ ಕೇಳಿ.

ಚೊಚ್ಚಲ ಹೆರಿಗೆ ತವರಲ್ಲಿ. ಏಳನೇ ತಿಂಗಳಲ್ಲಿ ಕುಬಸ ಮಾಡಿ ಕಳಿಸಿಕೊಡುತ್ತಾರೆ. ಅಲ್ಲಿಯವರೆಗೆ ಗಂಡನ ಊರಿನ ಸಿಸ್ಟರ್ ಬಿಪಿ ನೋಡಿರುತ್ತಾರೆ, ರಕ್ತ ನೋಡಿರುತ್ತಾರೆ. ಬಿಪಿ ಹೆಚ್ಚಾಗಿ ಏರುವುದು ಕೊನೆಯ ಮೂರು ತಿಂಗಳಲ್ಲಿ. ಆಗ ಹುಡುಗಿ ಬೇರೆ ತಾಲೂಕಿನಲ್ಲಿ. ಆ ಊರಿನ ಆಶಾಗೆ ಗೊತ್ತಾಗುವುದು ಯಾರಾದರೂ ಹೇಳಿದರೆ. ಹೆರಿಗೆ ಆಗಿ ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ತಿರುಗಿ ಬಂದಾಗ ಗಂಡನ ಊರಿನ ಪಟ್ಟಿಯಲ್ಲಿ ಇನ್ನೂ ಬಸುರಿ ಅಂತಲೇ ಇರುತ್ತದೆ. ನನ್ನ ಓರಗಿತ್ತಿಯದು ಹಾಗೇ ಇತ್ತು, ನಾವು ನಕ್ಕೆವು ಬಿಡಿ. ಎಲ್ಲರಿಗೂ ನಗುವ ಹಾಗೆ ಆಗಲ್ಲ.

ಇನ್ನೊಂದು. ತಾಯಿ ಕಾರ್ಡು ಅತ್ತೆಯ ಟ್ರಂಕಿನಲ್ಲಿ. ದವಾಖಾನೆಗೆ ಹೋಗಬೇಕಾ ಬೇಡವಾ ಅಂತ ಹೇಳುವವರು ಅತ್ತೆ, ಗಂಡ, ಕೆಲವು ಸಲ ಬೆಂಗಳೂರಲ್ಲಿರುವ ಮೈದುನ ಫೋನಲ್ಲಿ. ನೋವು ತಿನ್ನುವಾಕೆಯನ್ನು ಕೇಳುವವರೇ ಇಲ್ಲ. ಗುಮ್ಮಟದ ಅಣ್ಣಾರೆ, ನಿಮ್ಮ ಜಾಗೃತಿ ಶಿಬಿರಕ್ಕೆ ಬಸುರಿಯರನ್ನು ಕರೆಯುವ ಬದಲು ಅವರ ಗಂಡಂದಿರನ್ನು ಕೂಡಿಸಿ. ಆಗ ನಾನೂ ಜಾಗೃತಿ ಪಾರ್ಟಿ.

ಗುಮ್ಮಟದ ನೆರಳು
ಇದು ನ್ಯಾಯವಾದ ಮಾತು ತಂಗಿ.

ಸುಮ್ನೆ ಓದುಗ
ಬಾಲ್ಯವಿವಾಹ ನಿಲ್ಲಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಅದರ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ.

ಬಿಳಿ ಕೋಟು ಇಲ್ಲದವಳು
ಬಿಡುತ್ತೇನೆ. ಇದು ನನಗೆ ನಿದ್ದೆಗೆಡಿಸುವ ವಿಷಯ.

ರಾಜ್ಯದಲ್ಲಿ 20ರಿಂದ 24 ವಯಸ್ಸಿನವರಲ್ಲಿ ಶೇ. 21.3 ಜನಕ್ಕೆ 18 ತುಂಬುವ ಮೊದಲೇ ಮದುವೆ ಆಗಿತ್ತು ಅಂತ ಸಮೀಕ್ಷೆ ಹೇಳಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಅದಕ್ಕಿಂತ ಜಾಸ್ತಿ. 16-17ರ ಹುಡುಗಿಗೆ ಸೊಂಟದ ಮೂಳೆ ಪೂರ್ತಿ ಬೆಳೆದಿರುವುದಿಲ್ಲ. ರಕ್ತ ಮೊದಲೇ ಕಡಿಮೆ. ಬಿಪಿ ಏರುವ ಅಪಾಯವೂ ಜಾಸ್ತಿ. ಅಂದರೆ ಮೊದಲು ದವಾಖಾನೆಗೆ ಬರಬೇಕಾದವಳು ಅವಳು. ಆದರೆ ಬಂದರೆ ಏನಾಗುತ್ತದೆ? ವಯಸ್ಸು ನಿಜ ಹೇಳಿದರೆ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು. ನಾನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ನನ್ನ ಮೇಲೂ ಕೇಸು. ಗಂಡ ಜೈಲಿಗೆ. ಅದಕ್ಕೇ 19 ಅಂತ ಬರೆಸುತ್ತಾರೆ. ಇಲ್ಲವಾದರೆ ಬರುವುದೇ ಇಲ್ಲ, ನೋವು ಶುರುವಾದ ಮೇಲೆ ನೇರ ಬರುತ್ತಾರೆ. ಒಂದು ತಪಾಸಣೆಯೂ ಆಗಿರುವುದಿಲ್ಲ.

ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ಆ ಹುಡುಗಿ ನನ್ನ ಎದುರು ಕೂತಾಗ ನಾನು ಸಿಸ್ಟರ್ ಆಗಿರಬೇಕಾ, ಪೊಲೀಸ್ ಆಗಿರಬೇಕಾ?

ಕರಿಕೋಟು
ಕಾನೂನಿನ ಸ್ಥಿತಿ ಹೀಗಿದೆ ಸಿಸ್ಟರ್. ಕರ್ನಾಟಕದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟ್ 18ರೊಳಗಿನ ಹೆಂಡತಿಯ ಜೊತೆ ಸಂಬಂಧವೂ ಅತ್ಯಾಚಾರ ಅಂದಿತು. 2022ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟ್ ಸ್ವಲ್ಪ ಬಾಗಿಲು ತೆರೆಯಿತು. ಅಪ್ರಾಪ್ತ ಹುಡುಗಿ ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೇಳಿಕೊಂಡರೆ ಡಾಕ್ಟರ್ ಪೊಲೀಸರಿಗೆ ಕೊಡುವ ವರದಿಯಲ್ಲಿ ಹೆಸರು ಹೇಳಬೇಕಿಲ್ಲ ಅಂತ. ಆದರೆ ಅದು ಗರ್ಭಪಾತದ ಮಾತು. ಹೆರಿಗೆಗೆ ಬಂದವಳಿಗೆ ಅದು ಆಸರೆ ಆಗಲ್ಲ.

ಸುಮ್ನೆ ಓದುಗ
ಹಾಗಂತ ಕೇಸೇ ಹಾಕದಿದ್ದರೆ ಮದುವೆ ಮಾಡುವವರಿಗೆ ಭಯ ಹೇಗೆ ಬರಬೇಕು? ಸಿಸ್ಟರ್ ಅಂಥವರು ಮರುಗಿದ್ದಕ್ಕೇ ಮುಂದಿನ ಹುಡುಗಿಗೂ ತಾಳಿ ಬೀಳುತ್ತದೆ.

ಬಿಳಿ ಕೋಟು ಇಲ್ಲದವಳು
ಭಯ ಅಪ್ಪ-ಅಮ್ಮನಿಗೆ, ಪುರೋಹಿತರಿಗೆ, ಪತ್ರಿಕೆ ಅಚ್ಚು ಹಾಕುವವರಿಗೆ, ಮಂಗಲ ಕಾರ್ಯಾಲಯದವರಿಗೆ ಬರಲಿ. ಅದೂ ಮದುವೆಗೆ ಮುಂಚೆ. ಬಸುರಾದ ಮೇಲೆ ಭಯ ಬೀಳುವುದು ಹುಡುಗಿ ಒಬ್ಬಳೇ. ನೀವು ಒಪ್ಪದಿದ್ದರೂ ಪರವಾಗಿಲ್ಲ, ನಾನು ಇದನ್ನು ದಿನಾ ನೋಡುತ್ತೇನೆ.

ಗೋಕಾಕ ಕರದಂಟು
ವಿಷಯ ಬೇರೆ ಕಡೆ ಹೋಯಿತು. ಬೆಳಗಾವಿ ಬಗ್ಗೆ ಒಂದು ಹೆಮ್ಮೆಯ ಮಾತು ಹೇಳುತ್ತೇನೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಹೆರಿಗೆ ರಕ್ತಸ್ರಾವಕ್ಕೆ ಮಿಸೋಪ್ರೊಸ್ಟಾಲ್ ಗುಳಿಗೆ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ನಡೆದಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ವಿದೇಶದ ಸಂಶೋಧಕರ ಜೊತೆ ಸೇರಿ ಮಾಡಿದ್ದು. 1,620 ಬಾಣಂತಿಯರು. ಗುಳಿಗೆ ಕೊಟ್ಟಿದ್ದು ಡಾಕ್ಟರ್ ಅಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರ್‌ಗಳು. ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಯಲ್ಲಿ ಈ ಕೆಲಸಕ್ಕೆ ಆ ಗುಳಿಗೆ ಸೇರಿತು. ಆಫ್ರಿಕಾದ ತಾಯಂದಿರಿಗೂ ಉಪಯೋಗ ಆಯಿತು.

ಗುಮ್ಮಟದ ನೆರಳು
ಅಂದರೆ ಉಳಿದರ್ಧ ಬಾಣಂತಿಯರಿಗೆ ಖಾಲಿ ಗುಳಿಗೆ ಕೊಟ್ಟರು ತಾನೇ? ನಮ್ಮ ಹೆಣ್ಣುಮಕ್ಕಳ ಮೇಲೆ ಪ್ರಯೋಗ. ಇದಕ್ಕೆ ಹೆಮ್ಮೆನಾ?

ಗೋಕಾಕ ಕರದಂಟು
ಕೊಟ್ಟರು. ಒಂದು ಗುಂಪಿಗೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡದಿದ್ದರೆ ಗುಳಿಗೆ ಕೆಲಸ ಮಾಡುತ್ತದೆ ಅಂತ ತಿಳಿಯುವುದು ಹೇಗೆ? ಆಕ್ಸಿಟೋಸಿನ್ ತಂಪಿನಲ್ಲಿ ಇಡಬೇಕು, ಇಂಜೆಕ್ಷನ್ ಕೊಡಬೇಕು. ಫ್ರಿಜ್ ಇಲ್ಲದ ಹಳ್ಳಿಗೆ ಬಾಯಿಗೆ ಹಾಕುವ ಗುಳಿಗೆ ಬೇಕಾಗಿತ್ತು.

ಇಳಕಲ್ ಸೆರಗು
ಇಬ್ಬರ ಮಾತೂ ಸರಿ ಇರಬಹುದು. ನನ್ನ ಪ್ರಶ್ನೆ ಬೇರೆ. ಪರೀಕ್ಷೆಗೆ ಸಹಿ ಹಾಕಿದ ಹಳ್ಳಿಗಳಿಗೆ ಈಗ ಹೋಗಿ ಕೇಳಿದರೆ ಆ ಗುಳಿಗೆ ಉಪಕೇಂದ್ರದಲ್ಲಿ ಇದೆಯಾ? ಎಲ್ಲರಿಗಿಂತ ಮೊದಲು ಅದರ ಮೇಲೆ ಹಕ್ಕಿರುವುದು ಅವರಿಗೆ. ಅರ್ಜಿಯಲ್ಲಿ ಔಷಧಿಗಳ ಹೆಸರು ಹಾಕಿ, 'ಇಂದು ದಾಸ್ತಾನು ಎಷ್ಟಿದೆ ಅಂತ ಗೋಡೆ ಮೇಲೆ ಬರೆಯಿರಿ' ಅಂತ ಕೇಳಬಹುದಲ್ಲ?

ಬಿಳಿ ಕೋಟು ಇಲ್ಲದವಳು
ಒಪ್ಪಿದೆ. ಆ ಪರೀಕ್ಷೆಯಿಂದ ನನಗೆ ಹೆಚ್ಚು ಉಪಯೋಗ ಕಂಡಿದ್ದು ಗುಳಿಗೆ ಅಲ್ಲ, ಆ ಹಾಳೆ. ರಕ್ತ ಎಷ್ಟು ಹೋಯಿತು ಅಂತ ಅಳೆಯಲು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಗುರುತು ಹಾಕಿದ ಚೀಲ. ಕಣ್ಣಂದಾಜಿನಲ್ಲಿ ಹೇಳಿದ ಲೆಕ್ಕ, ಹಾಳೆಯಲ್ಲಿ ಅಳೆದ ಲೆಕ್ಕಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಇತ್ತು ಅಂತ ಆಗಲೇ ಗೊತ್ತಾಯಿತು. ಬಟ್ಟೆಯಲ್ಲಿ ಇಂಗಿದ್ದು, ನೆಲಕ್ಕೆ ಹರಿದದ್ದು ಕಣ್ಣಿಗೆ ಬೀಳಲ್ಲ. ಅಪಾಯ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಇಂಥದೇ ಗುರುತಿನ ಚೀಲ ಹಾಸಿ, ಅರ್ಧ ಲೀಟರ್ ದಾಟುವ ಹೊತ್ತಿಗೆ ಎಲ್ಲ ಔಷಧಿ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ, ಆಪರೇಷನ್, ಸಾವು ಇವೆಲ್ಲ ಸೇರಿದ ಲೆಕ್ಕ ಶೇ. 60 ಇಳಿಯಿತು. ಹೊಸ ಯಂತ್ರ ಬೇಕಿರಲಿಲ್ಲ. ಒಂದು ಹಾಳೆ, ತರಬೇತಿ, ಕೈಗೆ ಸಿಗುವ ಔಷಧಿ.

ಹಾಳೆ ಬೇಕು ಅಂತ ಖಂಡಿತ ಬರೆಯಿರಿ.

ಸುಮ್ನೆ ಓದುಗ
ಅದೆಲ್ಲ ಸರಿ. ಔಷಧಿಯೇ ಕೆಟ್ಟಿದ್ದರೆ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದರು. ರಿಂಗರ್ ಲ್ಯಾಕ್ಟೇಟ್ ಅನ್ನುವ ಸಲೈನ್ ಬಾಟಲಿ ಮೇಲೆ ಸಂಶಯ ಬಂತು. ಡ್ರಗ್ ಕಂಟ್ರೋಲರ್ ಅಮಾನತಾದರು, ಆ ಕಂಪನಿಯ ಬಾಟಲಿ ನಿಲ್ಲಿಸಿದರು.

ಮಲಪ್ರಭೆ ದಂಡೆ
ಗುಮ್ಮಟದ ಅಣ್ಣಾರಿಗೆ ನಾನು ಕೇಳಬೇಕು ಅಂದುಕೊಂಡಿದ್ದೇ ಇದು. ಆ ಹೆಣ್ಣುಮಕ್ಕಳಲ್ಲಿ ಜಾಗೃತಿ ಕಡಿಮೆ ಇತ್ತಾ? ತಪಾಸಣೆಗೆ ಹೋಗಿದ್ದರು, ದವಾಖಾನೆಗೆ ಬಂದಿದ್ದರು, ಡಾಕ್ಟರ್ ಹೇಳಿದ್ದಕ್ಕೆ ಒಪ್ಪಿ ಆಪರೇಷನ್ ಮಾಡಿಸಿಕೊಂಡಿದ್ದರು. ಜನ ಮಾಡಬೇಕಾದ್ದನ್ನು ಮಾಡಿದ್ದರು. ಆಮೇಲೆ 2024-25ರ ಸಾವುಗಳನ್ನು ಪರಿಶೀಲಿಸಿದ ರಾಜ್ಯದ ತಂಡ, ಶೇ. 70ರಷ್ಟು ತಪ್ಪಿಸಬಹುದಿತ್ತು ಅಂತ ವರದಿ ಕೊಟ್ಟಿತು. ನಾವು ಕೇಳದಿದ್ದರೆ ಇನ್ಯಾರು ಕೇಳಬೇಕು?

ಗುಮ್ಮಟದ ನೆರಳು
ಕೇಳಿ ಅಕ್ಕಾರೆ, ಬೇಡ ಅನ್ನಲ್ಲ. ಆದರೆ ಕೇಳಿದ ತಕ್ಷಣ ಯಾರ ತಲೆ ಉರುಳುತ್ತದೆ ನೋಡಿ. ಅಲ್ಲಿ ಕಂಟ್ರೋಲರ್‌ವರೆಗೆ ಹೋಯಿತು, ಅದು ಅಪರೂಪ. ನಮ್ಮ ಕಡೆ ಏನೇ ಆದರೂ ಸಿಸ್ಟರ್ ಸಸ್ಪೆಂಡ್.

ಬಿಳಿ ಕೋಟು ಇಲ್ಲದವಳು
ಈ ಒಂದು ಮಾತಿಗೆ ನಾನು ಗುಮ್ಮಟದ ಅಣ್ಣಾರ ಕಡೆ. ತಾಯಿ ಸಾವಾದರೆ ವಿಚಾರಣೆ ಮಾಡಬೇಕು ಅಂತ ನಿಯಮ ಇದೆ. ಜಿಲ್ಲಾಧಿಕಾರಿ ಸಭೆಗೆ ಸತ್ತವಳ ಮನೆಯವರನ್ನೂ ಕರೆಯಬೇಕು. ನಿಯಮದಲ್ಲಿ 'ಹೆಸರು ಬೇಡ, ದೂರು ಬೇಡ, ಕಾರಣ ಹುಡುಕಿ' ಅಂತಲೇ ಇದೆ. ಕೇರಳದಲ್ಲಿ ಹೆರಿಗೆ ಡಾಕ್ಟರ್‌ಗಳ ಸಂಘ 2004ರಿಂದ ಹಾಗೇ ಮಾಡುತ್ತಿದೆ. ಆಸ್ಪತ್ರೆ ಹೆಸರು, ರೋಗಿ ಹೆಸರು ಮುಚ್ಚಿಟ್ಟು ಪ್ರತಿ ಸಾವನ್ನೂ ಓದುತ್ತಾರೆ. ಅಲ್ಲಿ ಲಕ್ಷಕ್ಕೆ 19 ಸಾವು ಮಾತ್ರ ಅನ್ನುವುದರ ಹಿಂದೆ ಅದೂ ಒಂದು ಕಾರಣ. ನಾನು ಕಂಡ ಸಭೆಗಳಲ್ಲಿ ಮೊದಲ ಪ್ರಶ್ನೆ 'ಡ್ಯೂಟಿಯಲ್ಲಿ ಯಾರಿದ್ದರು?' ಅಂತ. ರಕ್ತ ಯಾಕೆ ಇರಲಿಲ್ಲ ಅಂತ ಕೇಳುವ ಹೊತ್ತಿಗೆ ಚಹಾ ಬಂದಿರುತ್ತದೆ.

ಕರಿಕೋಟು
ಆ ವಿಚಾರಣೆ ಸಭೆಗೆ ಮನೆಯವರನ್ನು ಕರೆಯಲೇಬೇಕು ಅನ್ನುವುದನ್ನು ಅರ್ಜಿಯಲ್ಲಿ ಹಾಕಿ. ಹೊಸ ಕಾನೂನು ಬೇಡ, ಹೊಸ ದುಡ್ಡೂ ಬೇಡ. ಆದರೆ ಕರೆದರೆ ಮನೆಯವರಿಗೆ ಕಾರಣ ತಿಳಿಯುತ್ತದೆ. ಕಾರಣ ತಿಳಿದವನು ಗಾಜಿಗೆ ಕಲ್ಲು ಎತ್ತುವುದು ಕಡಿಮೆ.

ಮಲಪ್ರಭೆ ದಂಡೆ
ಕರಡು ಹಾಕುತ್ತಿದ್ದೇನೆ, ನೋಡಿ ಹೇಳಿ.

'ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್, ಅರಿವಳಿಕೆ ಡಾಕ್ಟರ್, ರಕ್ತ ಯಾವ ದಿನ ಇವೆ, ಯಾವ ದಿನ ಇಲ್ಲ ಅಂತ ಹೆರಿಗೆ ವಾರ್ಡಿನ ಬಾಗಿಲ ಮೇಲೆ ಬರೆಯಬೇಕು. ಪ್ರಾಥಮಿಕ ಕೇಂದ್ರದಲ್ಲಿ ರಕ್ತಸ್ರಾವದ ಮತ್ತು ಫಿಟ್ಸಿನ ಔಷಧಿ ದಾಸ್ತಾನು, ರಕ್ತ ಅಳೆಯುವ ಹಾಳೆ ಇರಬೇಕು. ದುಡಿಯಲು ಬಂದ ಬಸುರಿಯರು, ತವರಿಗೆ ಬಂದ ಬಸುರಿಯರು, ಇಬ್ಬರ ಹೆಸರೂ ನಮ್ಮೂರ ಪಟ್ಟಿಯಲ್ಲಿ ಸೇರಬೇಕು. ತಾಯಿ ಸಾವಾದರೆ ವಿಚಾರಣೆಗೆ ಮನೆಯವರನ್ನು ಕರೆಯಬೇಕು. ಹೆರಿಗೆ ವಾರ್ಡಿನಲ್ಲಿ ಖುಷಿಗೆ ಅಂತ ದುಡ್ಡು ಕೇಳುವುದು ನಿಲ್ಲಬೇಕು.'

ಖಾನಾಪುರದವರ ಕೋಣೆ ನಮ್ಮ ಊರಿಗೆ ಬೇಕಿಲ್ಲ. ಅದನ್ನು ನೀವು ನಿಮ್ಮ ಗ್ರಾಮಸಭೆಯಲ್ಲಿ ಇಡಿ ಅಣ್ಣಾರೆ.

ಕಾಡಂಚು
ಇಡುತ್ತೇವೆ. ಕರಡು ಕಳಿಸಿಕೊಡಿ, ಮರಾಠಿಯಲ್ಲೂ ಬರೆಸಬೇಕು ನಮ್ಮ ಕಡೆ.

ಗುಮ್ಮಟದ ನೆರಳು
ಕೊನೆಯದು ಒಂದು ಬಿಡಿ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಅಂತ ಕೇಳುವುದು ನನಗೂ ಗೊತ್ತು. ಆದರೆ ಗ್ರಾಮಸಭೆಯಲ್ಲಿ ಓದಿದರೆ ಊರಿನ ಸಿಸ್ಟರ್, ಆಯಾ ಎಲ್ಲರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ನಾಳೆ ನಿಮ್ಮ ಸೊಸೆಗೆ ಹೆರಿಗೆ ಮಾಡಿಸುವವರು ಅವರೇ.

ಬಿಳಿ ಕೋಟು ಇಲ್ಲದವಳು
ಇರಲಿ. ತೆಗೆಯಬೇಡಿ. ದುಡ್ಡು ಕೇಳದ ನಮ್ಮಂಥವರೂ ಆ ಮಾತಿನಲ್ಲಿ ಸೇರಿಹೋಗುತ್ತೇವೆ, ಗೊತ್ತು. ಆದರೂ ಇರಲಿ. ಒಂದೇ ವಿನಂತಿ, ಅದರ ಪಕ್ಕದಲ್ಲೇ 'ಹೊರಗುತ್ತಿಗೆ ಆಯಾಗಳಿಗೆ ತಿಂಗಳ ತಿಂಗಳ ಸಂಬಳ ಆಗಬೇಕು' ಅಂತಲೂ ಸೇರಿಸಿ.

ಇಳಕಲ್ ಸೆರಗು
ಎರಡನ್ನೂ ಒಟ್ಟಿಗೆ ಓದಿದರೆ ಯಾರಿಗೂ ಬೇಜಾರಿಲ್ಲ.

ಕರಿಕೋಟು
ಓದಿದರೆ ಮಾತ್ರ ಸಾಲದು. ಠರಾವು ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಹಾಕಿದ ನಕಲು ಅವತ್ತೇ ತೊಗೊಳ್ಳಿ. ನಾಳೆ ಬನ್ನಿ ಅಂದರೆ ಎದ್ದು ಬರಬೇಡಿ. ವೈದ್ಯಾಧಿಕಾರಿಗೆ ಸಭೆಯ ನೋಟಿಸ್ ಹೋಗಿದೆಯಾ?

ಮಲಪ್ರಭೆ ದಂಡೆ
ಪಿಡಿಒ ಕಳಿಸಿದ್ದೇನೆ ಅಂತಾರೆ. ನಾಳೆ ನಾವೇ ಐದು ಜನ ಕೇಂದ್ರಕ್ಕೆ ಹೋಗಿ ಮುಟ್ಟಿದೆಯಾ ಅಂತ ಕೇಳಿಕೊಂಡು ಬರುತ್ತೇವೆ. ಸಿಸ್ಟರ್, ಆಯಾಗಳ ಸಂಬಳದ ಸಾಲು ಸೇರಿಸಿದ್ದೇನೆ. ಹಾಳೆಗೆ ನಿಮ್ಮ ಇಂಡೆಂಟಿನಲ್ಲಿ ಏನಂತ ಬರೆಯುತ್ತೀರಿ, ಆ ಹೆಸರು ಒಂದು ಹೇಳಿಬಿಡಿ.